ಹೃದಯದ ಮಿಡಿತಕ್ಕೆ ಗಣಿತದ ಭಾಷೆ: ಸ್ನಾಯುಕೋಶದ ವಿದ್ಯುತ್ತನ್ನು ಸಮೀಕರಣಗಳಲ್ಲಿ ಹಿಡಿದ ಬಗೆ

ಇಸಿಜಿ ಮಾಡಿಸಿಕೊಂಡವರೆಲ್ಲರೂ ಗುಲಾಬಿ ಬಣ್ಣದ ಚೌಕಳಿ ಕಾಗದದ ಮೇಲೆ ಏರಿಳಿಯುವ ಗೆರೆಯನ್ನು ನೋಡಿರುತ್ತಾರೆ. ಆ ಗೆರೆಯು ಹೃದಯದ ಚಲನೆಯ ಚಿತ್ರವಲ್ಲ. ಚಲನೆಗೆ ಮುನ್ನ ಹೃದಯದಲ್ಲಿ ಹರಿಯುವ ವಿದ್ಯುತ್ತಿನ ಚಿತ್ರ. ಮನುಷ್ಯನ ಹೃದಯದಲ್ಲಿ ಸುಮಾರು 200ರಿಂದ 300 ಕೋಟಿ ಸ್ನಾಯುಕೋಶಗಳಿವೆ. ಪ್ರತಿಯೊಂದು ಮಿಡಿತದಲ್ಲಿಯೂ ಈ ಕೋಶಗಳು ಒಂದರ ಹಿಂದೊಂದು ವಿದ್ಯುತ್ ಸಂಜ್ಞೆಯನ್ನು ಹೊಮ್ಮಿಸಿ, ಅನಂತರ ಸಂಕುಚಿಸುತ್ತವೆ. ಈ ಸರತಿ ತಪ್ಪಿದರೆ ಹೃದಯವು ರಕ್ತವನ್ನು ತಳ್ಳದೆ ಬರಿದೇ ಕಂಪಿಸತೊಡಗುತ್ತದೆ, ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ.

ಒಂದು ಕೋಶದೊಳಗೆ ಈ ವಿದ್ಯುತ್ ಸಂಜ್ಞೆ ಹೇಗೆ ಹುಟ್ಟುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಔಷಧಿಯೊಂದು ಬೆರೆತಾಗ ಹೇಗೆ ಬದಲಾಗುತ್ತದೆ ಎಂಬುದನ್ನು ಸಮೀಕರಣಗಳ ಮೂಲಕ ಲೆಕ್ಕ ಹಾಕುವ ವಿದ್ಯೆಯೇ ಹೃದಯಕೋಶದ ಗಣಿತೀಯ ಪ್ರತಿರೂಪಣೆ. 1960ರಲ್ಲಿ ವಿದ್ಯಾರ್ಥಿಯೊಬ್ಬನ ಸಾಹಸವಾಗಿ ಆರಂಭವಾದ ಈ ಶಾಖೆಯು ಇಂದು ಹೊಸ ಔಷಧಿಗಳ ಸುರಕ್ಷತೆಯನ್ನು ಅಳೆಯುವ ಸಾಧನವಾಗಿ ಬೆಳೆದಿದೆ. ಅದರ ಮೂಲತತ್ತ್ವ, ಇತಿಹಾಸ, ಉಪಯೋಗ ಮತ್ತು ಮಿತಿಗಳನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಕೋಶವೂ ಒಂದು ವಿದ್ಯುತ್ ಸಂಗ್ರಹ

ಹೃದಯದ ಸ್ನಾಯುಕೋಶವು ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಉದ್ದವಾಗಿರುತ್ತದೆ. ಅದನ್ನು ಸುತ್ತುವರಿದ ಪೊರೆಯು ಕೊಬ್ಬಿನಂಶದಿಂದಾದದ್ದು. ವಿದ್ಯುದಾವೇಶ ಹೊತ್ತ ಕಣಗಳಾದ ಅಯಾನುಗಳು ಈ ಪೊರೆಯನ್ನು ನೇರವಾಗಿ ದಾಟಲಾರವು. ಆದುದರಿಂದ ಪೊರೆಯು ವಿದ್ಯುತ್ ಮಂಡಲಗಳಲ್ಲಿ ಬಳಸುವ ಧಾರಕದಂತೆ ಎರಡೂ ಬದಿಗಳಲ್ಲಿ ಆವೇಶವನ್ನು ಕೂಡಿಟ್ಟುಕೊಳ್ಳುತ್ತದೆ.

ಕೋಶದೊಳಗೆ ಪೊಟ್ಯಾಸಿಯಂ ಹೆಚ್ಚು, ಹೊರಗೆ ಸೋಡಿಯಂ ಹೆಚ್ಚು. ಕ್ಯಾಲ್ಸಿಯಂ ಅಂತೂ ಒಳಗಿರುವುದಕ್ಕಿಂತ ಹೊರಗೆ ಹತ್ತು ಸಾವಿರ ಪಟ್ಟಿಗೂ ಮಿಗಿಲು. ಪೊರೆಯಲ್ಲಿರುವ ಪಂಪುಗಳು ಶಕ್ತಿಯನ್ನು ವ್ಯಯಿಸಿ ಈ ಏರುಪೇರನ್ನು ಸದಾ ಕಾಪಾಡುತ್ತವೆ. ಪೊರೆಯ ಉದ್ದಗಲಕ್ಕೂ ಪ್ರೋಟೀನಿನಿಂದಾದ ಸೂಕ್ಷ್ಮ ನಾಲೆಗಳಿದ್ದು, ಒಂದೊಂದು ಬಗೆಯ ನಾಲೆಯೂ ಒಂದೊಂದು ಬಗೆಯ ಅಯಾನನ್ನು ಮಾತ್ರ ಒಳಕ್ಕೋ ಹೊರಕ್ಕೋ ಬಿಡುತ್ತದೆ.

ವಿಶ್ರಾಂತಿಯಲ್ಲಿರುವ ಹೃತ್ಕುಕ್ಷಿಯ ಕೋಶದಲ್ಲಿ ಮುಖ್ಯವಾಗಿ ಪೊಟ್ಯಾಸಿಯಂ ನಾಲೆಗಳು ತೆರೆದಿರುತ್ತವೆ. ಆಗ ಪೊರೆಯ ಒಳಬದಿಯು ಹೊರಬದಿಗಿಂತ ಸುಮಾರು 85 ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ನೆರೆಯ ಕೋಶದಿಂದ ಪ್ರಚೋದನೆ ತಲುಪಿದೊಡನೆ ಸೋಡಿಯಂ ನಾಲೆಗಳು ಥಟ್ಟನೆ ತೆರೆದು, ಒಂದೆರಡು ಮಿಲಿಸೆಕೆಂಡುಗಳಲ್ಲಿ ಒಳಬದಿಯು ಧನವಾಗುತ್ತದೆ. ಅನಂತರ ಕ್ಯಾಲ್ಸಿಯಂ ಒಳಬರುತ್ತದೆ. ಸಂಕೋಚನಕ್ಕೆ ಅಪ್ಪಣೆ ಕೊಡುವುದು ಇದೇ ಕ್ಯಾಲ್ಸಿಯಂ. ಕೊನೆಗೆ ಪೊಟ್ಯಾಸಿಯಂ ಹೊರಹರಿದು ಕೋಶವು ಮೊದಲಿನ ಸ್ಥಿತಿಗೆ ಮರಳುತ್ತದೆ. ಈ ಏರಿಳಿತಕ್ಕೆ ಕ್ರಿಯಾವಿಭವ ಎಂದು ಹೆಸರು. ನರಕೋಶದಲ್ಲಿ ಇದು ಒಂದೆರಡು ಮಿಲಿಸೆಕೆಂಡುಗಳಲ್ಲಿ ಮುಗಿದುಹೋದರೆ, ಹೃತ್ಕುಕ್ಷಿಯ ಕೋಶದಲ್ಲಿ ಸುಮಾರು 300 ಮಿಲಿಸೆಕೆಂಡುಗಳವರೆಗೆ ಇರುತ್ತದೆ. ಏರಿದ ವಿಭವವು ಬಹಳ ಹೊತ್ತು ಹೆಚ್ಚುಕಡಿಮೆ ಸಮತಟ್ಟಾಗಿ ನಿಲ್ಲುವುದರಿಂದ ಈ ಭಾಗವನ್ನು ಪ್ರಸ್ಥಭೂಮಿ ಎಂದು ಕರೆಯುವುದು ವಾಡಿಕೆ.

ಸ್ಕ್ವಿಡ್ ತೋರಿದ ದಾರಿ

ಈ ವಿದ್ಯೆಯ ಬೇರುಗಳಿರುವುದು ಹೃದಯದಲ್ಲಲ್ಲ, ಸಮುದ್ರಜೀವಿಯೊಂದರ ನರದಲ್ಲಿ. ನಮ್ಮ ಕರಾವಳಿಯಲ್ಲಿ ಬೊಂಡಾಸ್ ಎಂದು ಕರೆಯುವ ಸ್ಕ್ವಿಡ್‌ನ ದೇಹದಲ್ಲಿ ಬರಿಗಣ್ಣಿಗೆ ಕಾಣುವಷ್ಟು ದಪ್ಪನೆಯ ನರತಂತುವಿದೆ. ಅದರೊಳಕ್ಕೆ ತಂತಿಯನ್ನು ತೂರಿಸಿ ವಿಭವವನ್ನು ಅಳೆಯುವುದು ಸಾಧ್ಯ. ಇಂಗ್ಲೆಂಡಿನ ಪ್ಲಿಮತ್‌ನ ಸಾಗರಜೀವಿ ಪ್ರಯೋಗಾಲಯದಲ್ಲಿ ಅಲನ್ ಹಾಜ್ಕಿನ್ ಮತ್ತು ಆಂಡ್ರ್ಯೂ ಹಕ್ಸ್ಲಿ 1939ರಲ್ಲಿ ಈ ಅಳತೆಯನ್ನು ಆರಂಭಿಸಿದರು. ಎರಡನೆಯ ಮಹಾಯುದ್ಧದ ಕಾರಣ ನಿಂತುಹೋದ ಕೆಲಸವು ಅನಂತರ ಮುಂದುವರಿದು, 1952ರಲ್ಲಿ ಪ್ರಬಂಧಗಳ ಸರಣಿಯಾಗಿ ಪ್ರಕಟವಾಯಿತು.

ಅವರು ನಾಲೆಗಳನ್ನು ಕಣ್ಣಾರೆ ಕಂಡಿರಲಿಲ್ಲ. ಅವುಗಳ ಇರವಿಗೆ ನೇರ ಪುರಾವೆ ದೊರೆತದ್ದು 1976ರಲ್ಲಿ, ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್ಮನ್ ಅವರು ಒಂದೇ ಒಂದು ನಾಲೆಯ ಪ್ರವಾಹವನ್ನು ಅಳೆದಾಗ. ಆದರೂ ಹಾಜ್ಕಿನ್ ಮತ್ತು ಹಕ್ಸ್ಲಿ ಪೊರೆಯ ಪ್ರವಾಹವನ್ನು ಸೋಡಿಯಂ ಮತ್ತು ಪೊಟ್ಯಾಸಿಯಂ ಎಂದು ಬೇರ್ಪಡಿಸಿ, ವಿಭವಕ್ಕೆ ತಕ್ಕಂತೆ ತೆರೆದು ಮುಚ್ಚುವ ಕದಗಳನ್ನು ಊಹಿಸಿ ಸಮೀಕರಣಗಳನ್ನು ಬರೆದರು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಕಯಂತ್ರವು ಆಗ ಬಳಕೆಗೆ ದೊರೆಯದಿದ್ದುದರಿಂದ, ಹಕ್ಸ್ಲಿಯವರು ಕೈಯಿಂದ ಹಿಡಿಕೆ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ವಾರಗಟ್ಟಲೆ ದುಡಿದು ಉತ್ತರ ಕಂಡುಕೊಂಡರು. ನರದಲ್ಲಿ ಸಂಜ್ಞೆಯು ಸೆಕೆಂಡಿಗೆ 18.8 ಮೀಟರ್ ವೇಗದಲ್ಲಿ ಸಾಗಬೇಕೆಂದು ಲೆಕ್ಕ ಹೇಳಿತು. ಪ್ರಯೋಗದಲ್ಲಿ ಅಳೆದ ವೇಗ 21.2 ಮೀಟರ್. ವೇಗವನ್ನು ಮೊದಲೇ ಸಮೀಕರಣದೊಳಗೆ ಸೇರಿಸದೆ ಇಷ್ಟು ಸಮೀಪದ ಉತ್ತರ ಬಂದುದು ವಿಜ್ಞಾನ ಲೋಕವನ್ನು ಬೆರಗುಗೊಳಿಸಿತು. 1963ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಸಂದಿತು.

ಸಮೀಕರಣ ಹೇಳುವುದೇನು?

ಮೂಲ ಸಮೀಕರಣವು ನೋಡಲು ಸರಳವಾದುದೇ. ಪೊರೆಯ ವಿಭವ ಬದಲಾಗುವ ವೇಗವು, ಪೊರೆಯ ಮೂಲಕ ಹರಿಯುವ ಒಟ್ಟು ಪ್ರವಾಹವನ್ನು ಪೊರೆಯ ಧಾರಕತೆಯಿಂದ ಭಾಗಿಸಿದಾಗ ಬರುವ ಮೊತ್ತಕ್ಕೆ ಸಮ. ಜೀವಕೋಶದ ಪೊರೆಯ ಧಾರಕತೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಮೈಕ್ರೋಫ್ಯಾರಡ್. ಅಷ್ಟೇ ವಿಸ್ತೀರ್ಣದಲ್ಲಿ ಒಂದು ಮೈಕ್ರೋಆಂಪಿಯರ್ ಪ್ರವಾಹ ಒಳಹರಿದರೆ, ವಿಭವವು ಪ್ರತಿ ಮಿಲಿಸೆಕೆಂಡಿಗೆ ಒಂದು ಮಿಲಿವೋಲ್ಟಿನಂತೆ ಏರುತ್ತದೆ. ಹೃತ್ಕುಕ್ಷಿಯ ಕೋಶದಲ್ಲಿ ಆರಂಭದ ಏರಿಕೆಯು ಮಿಲಿಸೆಕೆಂಡಿಗೆ 200 ಮಿಲಿವೋಲ್ಟನ್ನೂ ಮೀರಬಲ್ಲುದೆಂದರೆ, ಆ ಕ್ಷಣದ ಸೋಡಿಯಂ ಪ್ರವಾಹ ಎಷ್ಟು ರಭಸದ್ದೆಂದು ಊಹಿಸಬಹುದು.

ಕಷ್ಟವಿರುವುದು ಪ್ರವಾಹವನ್ನು ಲೆಕ್ಕ ಹಾಕುವುದರಲ್ಲಿ. ಸೋಡಿಯಂ ನಾಲೆಗೆ ಒಂದೇ ಬಗೆಯ ಮೂರು ಕದಗಳೂ ಬೇರೆ ಬಗೆಯ ಒಂದು ಕದವೂ ಇವೆಯೆಂದು ಭಾವಿಸೋಣ. ನಾಲ್ಕೂ ತೆರೆದಿದ್ದರೆ ಮಾತ್ರ ಸೋಡಿಯಂ ಒಳಬರುತ್ತದೆ. ಮೊದಲ ಬಗೆಯ ಕದ ತೆರೆದಿರುವ ಸಂಭವ 0.9, ಎರಡನೆಯದರದು 0.8 ಆಗಿದ್ದರೆ, 0.9ನ್ನು ಮೂರು ಬಾರಿ ಗುಣಿಸಿ 0.8ರಿಂದ ಮತ್ತೆ ಗುಣಿಸಬೇಕು. ಉತ್ತರ ಸುಮಾರು 0.58. ಅಂದರೆ ನೂರು ನಾಲೆಗಳಲ್ಲಿ 58 ತೆರೆದಿವೆ. ವಿಭವ ಏರಿದಂತೆ ಮೊದಲ ಬಗೆಯ ಕದಗಳು ಬೇಗನೆ ತೆರೆಯುತ್ತವೆ, ಎರಡನೆಯದು ತುಸು ತಡವಾಗಿ ಮುಚ್ಚುತ್ತದೆ. ಈ ಅಂತರದಲ್ಲಿಯೇ ಸೋಡಿಯಂ ನುಗ್ಗುತ್ತದೆ.

ವಿಭವವು ಕದಗಳನ್ನು ನಿಯಂತ್ರಿಸುತ್ತದೆ. ಕದಗಳು ಪ್ರವಾಹವನ್ನು ನಿಯಂತ್ರಿಸುತ್ತವೆ. ಪ್ರವಾಹವು ಮರಳಿ ವಿಭವವನ್ನು ಬದಲಿಸುತ್ತದೆ. ಹೀಗೆ ಒಂದನ್ನೊಂದು ಹಿಡಿದಿರುವ ಅವಕಲ ಸಮೀಕರಣಗಳಿಗೆ ಕಾಗದದ ಮೇಲೆ ನೇರ ಉತ್ತರ ದೊರೆಯುವುದಿಲ್ಲ. ಕಾಲವನ್ನು ಅತಿ ಸಣ್ಣ ತುಣುಕುಗಳಾಗಿ ಕತ್ತರಿಸಿ, ಒಂದೊಂದು ತುಣುಕಿಗೂ ಲೆಕ್ಕ ಹಾಕುತ್ತ ಮುಂದೆ ಸಾಗಬೇಕು. ಗಣಕಯಂತ್ರ ಅನಿವಾರ್ಯವಾಗುವುದು ಇಲ್ಲಿಯೇ.

ನಡುರಾತ್ರಿಯ ಲೆಕ್ಕ

ಹೃದಯಕ್ಕೆ ಈ ವಿಧಾನವನ್ನು ಮೊದಲು ಅನ್ವಯಿಸಿದವರು ಡೆನಿಸ್ ನೋಬಲ್. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓಟ್ಟೊ ಹಟರ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸುತ್ತಿದ್ದ ಅವರಿಗೆ ಆಗ ಇಪ್ಪತ್ತಮೂರರ ಪ್ರಾಯ. ಹೃದಯದೊಳಗೆ ಸಂಜ್ಞೆಯನ್ನು ವೇಗವಾಗಿ ಒಯ್ಯುವ ಪರ್ಕಿಂಜೆ ತಂತುಗಳನ್ನು ಪರೀಕ್ಷಿಸಿದಾಗ ಗುರುಶಿಷ್ಯರಿಬ್ಬರಿಗೂ ವಿಚಿತ್ರವೊಂದು ಕಂಡಿತು. ನರದಲ್ಲಿ ವಿಭವ ಏರಿದೊಡನೆ ಪೊಟ್ಯಾಸಿಯಂ ನಾಲೆಗಳು ತೆರೆಯುತ್ತವೆ. ಹೃದಯದಲ್ಲಿ ಇದಕ್ಕೆ ವಿರುದ್ಧವಾಗಿ ಒಂದು ಬಗೆಯ ಪೊಟ್ಯಾಸಿಯಂ ನಾಲೆಯು ವಿಭವ ಏರಿದಾಗ ಮುಚ್ಚಿಕೊಳ್ಳುತ್ತಿತ್ತು. ಮತ್ತೊಂದು ಬಗೆಯದು ಬಹಳ ನಿಧಾನವಾಗಿ ತೆರೆಯುತ್ತಿತ್ತು.

ಪ್ರಸ್ಥಭೂಮಿಯ ಗುಟ್ಟು ಇದರಲ್ಲಿಯೇ ಇರಬಹುದೆಂದು ನೋಬಲ್ ಎಣಿಸಿದರು. ಅದನ್ನು ಸಾಬೀತುಪಡಿಸಲು ಲಂಡನ್ ವಿಶ್ವವಿದ್ಯಾನಿಲಯದ ಮರ್ಕ್ಯುರಿ ಎಂಬ ಬೃಹತ್ ಗಣಕಯಂತ್ರ ಬೇಕಾಗಿತ್ತು. ಭೌತವಿಜ್ಞಾನಿಗಳು ಸದಾ ಬಳಸುತ್ತಿದ್ದ ಆ ಯಂತ್ರದಲ್ಲಿ ಜೀವವಿಜ್ಞಾನದ ವಿದ್ಯಾರ್ಥಿಗೆ ದೊರೆತ ವೇಳೆ ನಡುರಾತ್ರಿ ಕಳೆದ ಮೇಲೆ ಎರಡರಿಂದ ನಾಲ್ಕು ಗಂಟೆಯವರೆಗೆ ಮಾತ್ರ. ರಾತ್ರಿ ಲೆಕ್ಕ, ಹಗಲು ಪ್ರಯೋಗ ಎಂಬಂತೆ ಕೆಲಸ ಸಾಗಿತು. ನಾಲ್ಕೇ ಚರಗಳ ಆ ಪ್ರತಿರೂಪವು ಪ್ರಸ್ಥಭೂಮಿಯುಳ್ಳ ನೀಳ ಕ್ರಿಯಾವಿಭವವನ್ನಷ್ಟೇ ಅಲ್ಲದೆ, ಹೊರಗಿನ ಪ್ರಚೋದನೆಯಿಲ್ಲದೆ ತಾನಾಗಿಯೇ ಮತ್ತೆ ಮತ್ತೆ ಮಿಡಿಯುವ ಗುಣವನ್ನೂ ತೋರಿಸಿತು. ಫಲಿತಾಂಶವು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿಯೂ, ವಿಸ್ತಾರವಾಗಿ 1962ರಲ್ಲಿಯೂ ಪ್ರಕಟವಾಯಿತು.

ಹೃದಯವು ಮಿತವ್ಯಯಿ ಎಂಬುದೂ ಇದರಿಂದ ತಿಳಿಯಿತು. ಪ್ರಸ್ಥಭೂಮಿಯ ಅವಧಿಯಲ್ಲಿ ಪೊಟ್ಯಾಸಿಯಂ ನಾಲೆಗಳು ಮುಚ್ಚಿಕೊಳ್ಳುವುದರಿಂದ, ಬಹಳ ಕಡಿಮೆ ಅಯಾನುಗಳ ಹರಿವಿನಲ್ಲಿಯೇ ವಿಭವವನ್ನು ಏರಿದ ಮಟ್ಟದಲ್ಲಿ ಹಿಡಿದಿಡಬಹುದು. ಹರಿದುಹೋದುದನ್ನು ಮರಳಿ ತುಂಬಲು ಪಂಪುಗಳು ವ್ಯಯಿಸಬೇಕಾದ ಶಕ್ತಿಯೂ ಅಷ್ಟೇ ಕಡಿಮೆ.

ತಪ್ಪುಗಳು ಕಲಿಸಿದ ಪಾಠ

ಆ ಮೊದಲ ಪ್ರತಿರೂಪದಲ್ಲಿ ದೊಡ್ಡದೊಂದು ಕೊರತೆಯಿತ್ತು. ಅದರಲ್ಲಿ ಕ್ಯಾಲ್ಸಿಯಂ ಪ್ರವಾಹವೇ ಇರಲಿಲ್ಲ, ಅದಿನ್ನೂ ಪತ್ತೆಯಾಗಿರಲಿಲ್ಲ. ಪ್ರಸ್ಥಭೂಮಿಯ ಭಾರವನ್ನೆಲ್ಲ ಸೋಡಿಯಂ ಪ್ರವಾಹವೇ ಹೊರುವಂತೆ ಸಮೀಕರಣವನ್ನು ಹೊಂದಿಸಲಾಗಿತ್ತು. 1960ರ ದಶಕದ ಉತ್ತರಾರ್ಧದಲ್ಲಿ ಹರಾಲ್ಡ್ ರಾಯ್ಟರ್ ಮೊದಲಾದವರ ಪ್ರಯೋಗಗಳಿಂದ ಹೃದಯದ ಕ್ಯಾಲ್ಸಿಯಂ ಪ್ರವಾಹ ಬೆಳಕಿಗೆ ಬಂದ ಮೇಲೆ ಈ ಭಾಗವನ್ನು ತಿದ್ದಬೇಕಾಯಿತು. ಗೆರೆಯ ಆಕಾರ ಸರಿಯಾಗಿ ಬಂದ ಮಾತ್ರಕ್ಕೆ ಒಳಗಿನ ಕಾರಣವೂ ಸರಿಯೆಂದು ತಿಳಿಯಬಾರದು ಎಂಬ ಪಾಠ ಇದರಿಂದ ದೊರೆಯಿತು.

ಇನ್ನೊಂದು ತಿದ್ದುಪಡಿ ಇದಕ್ಕಿಂತಲೂ ಸ್ವಾರಸ್ಯಕರವಾದುದು. ತಾನಾಗಿ ಮಿಡಿಯುವ ಕೋಶಗಳಲ್ಲಿ ಪೊಟ್ಯಾಸಿಯಂ ಪ್ರವಾಹವೊಂದು ಕ್ರಮೇಣ ಕುಗ್ಗುವುದರಿಂದ ಮುಂದಿನ ಮಿಡಿತ ಹುಟ್ಟುತ್ತದೆ ಎಂದು 1975ರಲ್ಲಿ ಮೆಕ್ಆಲಿಸ್ಟರ್, ನೋಬಲ್ ಮತ್ತು ತ್ಸಿಯೆನ್ ರಚಿಸಿದ ಪ್ರತಿರೂಪವು ಹೇಳುತ್ತಿತ್ತು. 1979ರಲ್ಲಿ ಹಿಲರಿ ಬ್ರೌನ್, ಡಾರಿಯೊ ಡಿಫ್ರಾನ್ಸೆಸ್ಕೊ ಮತ್ತು ಸೂಸನ್ ನೋಬಲ್ ಹೃದಯದ ಗತಿಪ್ರೇರಕ ಭಾಗದಲ್ಲಿ ವಿಚಿತ್ರ ಪ್ರವಾಹವೊಂದನ್ನು ವರ್ಣಿಸಿದರು. ವಿಭವ ಏರಿದಾಗಲ್ಲ, ಇಳಿದಾಗ ತೆರೆಯುವ ಅದಕ್ಕೆ ಸಂಶೋಧಕರು ತಮಾಷೆಯ ಪ್ರವಾಹ ಎಂದೇ ಹೆಸರಿಟ್ಟರು. ಪೊಟ್ಯಾಸಿಯಂ ಕುಗ್ಗುವುದೆಂದು ತಿಳಿದಿದ್ದುದು ವಾಸ್ತವವಾಗಿ ಈ ಒಳಮುಖ ಪ್ರವಾಹ ಹಿಗ್ಗುವುದೇ ಆಗಿತ್ತೆಂದು 1981ರಲ್ಲಿ ಡಿಫ್ರಾನ್ಸೆಸ್ಕೊ ತೋರಿಸಿದರು. ಇದನ್ನು ಒಳಗೊಂಡ ಹೊಸ ಪ್ರತಿರೂಪವನ್ನು 1985ರಲ್ಲಿ ಅವರೂ ಡೆನಿಸ್ ನೋಬಲ್ ಅವರೂ ಸೇರಿಯೇ ಪ್ರಕಟಿಸಿದರು. ತನ್ನ ತಪ್ಪನ್ನು ತೋರಿದವನ ಜೊತೆಯಲ್ಲಿ ಕುಳಿತು ಲೆಕ್ಕವನ್ನು ತಿದ್ದಿದ ಈ ಪ್ರಸಂಗವು ವಿಜ್ಞಾನ ನಡೆಯಬೇಕಾದ ರೀತಿಗೆ ಒಳ್ಳೆಯ ನಿದರ್ಶನವಾಗಿದೆ. ಇದೇ ಪ್ರವಾಹವನ್ನು ತಡೆದು ಹೃದಯದ ಗತಿಯನ್ನು ತಗ್ಗಿಸುವ ಐವಾಬ್ರಡಿನ್ ಎಂಬ ಔಷಧಿಗೆ 2005ರಲ್ಲಿ ಯೂರೋಪಿನಲ್ಲಿಯೂ 2015ರಲ್ಲಿ ಅಮೆರಿಕದಲ್ಲಿಯೂ ಅನುಮತಿ ದೊರೆಯಿತು.

ಪ್ರಾಣಿಯಿಂದ ಮನುಷ್ಯನೆಡೆಗೆ

ಹೃತ್ಕುಕ್ಷಿಯ ಕೋಶಕ್ಕೆ ಮೊದಲ ಪ್ರತಿರೂಪವನ್ನು 1977ರಲ್ಲಿ ಬೀಲರ್ ಮತ್ತು ರಾಯ್ಟರ್ ರಚಿಸಿದರು. ಚಿಂಗ್‌ಸಿಂಗ್ ಲುವೊ ಮತ್ತು ಯೋರಮ್ ರೂಡಿ 1991 ಹಾಗೂ 1994ರಲ್ಲಿ ಗಿನಿಯಿಲಿಯ ಹೃದಯಕೋಶದ ವಿವರವಾದ ಪ್ರತಿರೂಪಗಳನ್ನು ನೀಡಿದರು. ಆದರೆ ಪ್ರಾಣಿಗಳ ಹೃದಯವು ಮನುಷ್ಯನ ಹೃದಯದಂತೆಯೇ ವರ್ತಿಸುವುದಿಲ್ಲ. ಇಲಿಯ ಹೃದಯ ನಿಮಿಷಕ್ಕೆ ಮುನ್ನೂರಕ್ಕೂ ಹೆಚ್ಚು ಬಾರಿ ಮಿಡಿಯುತ್ತದೆ. ಅದರ ಕ್ರಿಯಾವಿಭವವೂ ಅಷ್ಟೇ ಗಿಡ್ಡ. ಆದುದರಿಂದ ಮನುಷ್ಯನ ಕೋಶಕ್ಕೆಂದೇ ಪ್ರತಿರೂಪಗಳು ಬೇಕಾದವು. ನೆದರ್ಲೆಂಡ್ಸ್‌ನ ಟೆನ್ ಟುಶರ್ ಮತ್ತು ಸಂಗಡಿಗರು 2004 ಮತ್ತು 2006ರಲ್ಲಿ ಪ್ರಕಟಿಸಿದ ಪ್ರತಿರೂಪ, ಓಹಾರ ಮತ್ತು ರೂಡಿ ಬಳಗವು 2011ರಲ್ಲಿ ಪ್ರಕಟಿಸಿದ ಪ್ರತಿರೂಪ ಇವುಗಳಲ್ಲಿ ಪ್ರಮುಖವಾದವು. ಎರಡನೆಯದು ರೋಗವಿಲ್ಲದ ನೂರಕ್ಕೂ ಹೆಚ್ಚು ಮಾನವ ಹೃದಯಗಳಿಂದ ಪಡೆದ ಅಳತೆಗಳನ್ನು ಆಧರಿಸಿದೆ. ನಾಲ್ಕು ಚರಗಳಿಂದ ಆರಂಭವಾದ ಲೆಕ್ಕವು ಈ ಹೊತ್ತಿಗೆ ಸುಮಾರು ನಲವತ್ತಕ್ಕೆ ಬೆಳೆದಿತ್ತು.

ಔಷಧಿಯೇ ಅಪಾಯವಾದಾಗ

ಇಷ್ಟೆಲ್ಲ ಲೆಕ್ಕದಿಂದ ರೋಗಿಗೆ ಏನು ಪ್ರಯೋಜನ ಎಂಬ ಪ್ರಶ್ನೆ ಸಹಜ. ಉತ್ತರಕ್ಕೆ ಎರಡು ಕಹಿ ಅನುಭವಗಳನ್ನು ನೆನೆಯಬೇಕು.

ಹೃದಯಾಘಾತದಿಂದ ಚೇತರಿಸಿಕೊಂಡವರಲ್ಲಿ ಆಗಾಗ ಅಕಾಲಿಕ ಮಿಡಿತಗಳು ಕಾಣಿಸಿಕೊಳ್ಳುತ್ತವೆ. ಅವನ್ನು ಅಡಗಿಸಿದರೆ ಹಠಾತ್ ಮರಣ ತಪ್ಪುತ್ತದೆಂಬ ನಂಬಿಕೆಯಿಂದ ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಎಂಬ ಔಷಧಿಗಳನ್ನು ವೈದ್ಯರು ಬರೆಯುತ್ತಿದ್ದರು. ಔಷಧಿಗಳು ಅಕಾಲಿಕ ಮಿಡಿತಗಳನ್ನು ಅಡಗಿಸುತ್ತಿದ್ದುದೂ ನಿಜ. ಆದರೆ ‘ಕ್ಯಾಸ್ಟ್’ ಎಂಬ ದೊಡ್ಡ ಪರೀಕ್ಷೆಯಲ್ಲಿ ಔಷಧಿ ಪಡೆದ 755 ಮಂದಿಯಲ್ಲಿ 63 ಮಂದಿ ತೀರಿಕೊಂಡರು. ಬರಿಯ ಹುಸಿಗುಳಿಗೆ ಪಡೆದ 743 ಮಂದಿಯಲ್ಲಿ ತೀರಿಕೊಂಡವರು 26. ಈ ಔಷಧಿಗಳ ಪರೀಕ್ಷೆಯನ್ನು 1989ರಲ್ಲಿ ನಡುವೆಯೇ ನಿಲ್ಲಿಸಲಾಯಿತು. ಕಾಪಾಡಬೇಕಾದ ಗುಳಿಗೆಯೇ ಕೊಲ್ಲುತ್ತಿತ್ತು.

ಎರಡನೆಯದು ಹೃದಯಕ್ಕೆ ಸಂಬಂಧವೇ ಇಲ್ಲದ ಔಷಧಿಗಳ ಕಥೆ. ಸೀನು, ಅಲರ್ಜಿಗೆ ಕೊಡುತ್ತಿದ್ದ ಟರ್ಫೆನಡಿನ್, ಎದೆಯುರಿಗೆ ಕೊಡುತ್ತಿದ್ದ ಸಿಸಾಪ್ರೈಡ್ ಕೆಲವರಲ್ಲಿ ಮಾರಣಾಂತಿಕ ಲಯಭಂಗವನ್ನು ಉಂಟುಮಾಡಿದವು. ಟರ್ಫೆನಡಿನ್ 1998ರಲ್ಲಿ, ಸಿಸಾಪ್ರೈಡ್ 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿದ್ದವು. ಭಾರತದಲ್ಲಿ ಸಿಸಾಪ್ರೈಡ್ ನಿಷೇಧವಾದುದು 2011ರಲ್ಲಿ. ಕಾರಣ ಒಂದೇ: ಕ್ರಿಯಾವಿಭವವನ್ನು ಕೊನೆಗೊಳಿಸುವ ‘ಹರ್ಗ್’ ಎಂಬ ಪೊಟ್ಯಾಸಿಯಂ ನಾಲೆಯನ್ನು ಇವು ಮುಚ್ಚುತ್ತಿದ್ದವು. ಆಗ ಪ್ರಸ್ಥಭೂಮಿಯು ಹಿಗ್ಗುತ್ತದೆ, ಇಸಿಜಿಯಲ್ಲಿ ಕ್ಯೂಟಿ ಅವಧಿ ದೀರ್ಘವಾಗುತ್ತದೆ. ಮುಚ್ಚಿದ್ದ ಕ್ಯಾಲ್ಸಿಯಂ ನಾಲೆಗಳಿಗೆ ಮತ್ತೊಮ್ಮೆ ತೆರೆಯಲು ಬಿಡುವು ದೊರೆತು, ಮಿಡಿತ ಮುಗಿಯುವ ಮೊದಲೇ ಇನ್ನೊಂದು ಮಿಡಿತ ಹುಟ್ಟಬಹುದು. 2020ರಲ್ಲಿ ಕೋವಿಡ್‌ಗೆಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತು ಅಜಿತ್ರೊಮೈಸಿನ್‌ಗಳನ್ನು ಒಟ್ಟಾಗಿ ಬಳಸಿದಾಗ ವೈದ್ಯರು ಇಸಿಜಿಯ ಮೇಲೆ ಕಣ್ಣಿಡಬೇಕೆಂದು ಎಚ್ಚರಿಸಿದ್ದು ಇದೇ ಕಾರಣಕ್ಕೆ.

2005ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೊಸ ಔಷಧಿಗಳನ್ನು ಹರ್ಗ್ ನಾಲೆ ಮತ್ತು ಕ್ಯೂಟಿ ಅವಧಿಯ ದೃಷ್ಟಿಯಿಂದ ಪರೀಕ್ಷಿಸುವಂತೆ ವಿಧಿಸಿದವು. ಅಪಾಯ ತಗ್ಗಿತು; ಆದರೆ ಜರಡಿ ಅತಿ ಸಣ್ಣದಾಯಿತೆಂಬ ದೂರೂ ಬಂತು. ರಕ್ತದೊತ್ತಡಕ್ಕೆ ಬಳಸುವ ವೆರಪಮಿಲ್‌ನ ಉದಾಹರಣೆ ನೋಡಿ. ಅದೂ ಹರ್ಗ್ ನಾಲೆಯನ್ನು ಮುಚ್ಚುತ್ತದೆ. ಆದರೆ ಜೊತೆಯಲ್ಲಿಯೇ ಕ್ಯಾಲ್ಸಿಯಂ ನಾಲೆಯನ್ನೂ ಮುಚ್ಚುವುದರಿಂದ ಎರಡೂ ಪರಿಣಾಮಗಳು ಪರಸ್ಪರ ಸರಿತೂಗಿ, ಈ ಬಗೆಯ ಲಯಭಂಗ ಉಂಟಾಗುವುದಿಲ್ಲ. ಒಂದೇ ನಾಲೆಯನ್ನು ನೋಡಿ ತೀರ್ಪು ಕೊಟ್ಟರೆ ಒಳ್ಳೆಯ ಔಷಧಿಯೂ ಕಸದ ಬುಟ್ಟಿ ಸೇರೀತು. ಹಲವು ನಾಲೆಗಳ ಮೇಲಿನ ಪರಿಣಾಮವನ್ನು ಒಟ್ಟಿಗೆ ಕೂಡಿಸಿ ಕಳೆದು ನೋಡುವ ಸಾಧನವೆಂದರೆ ಗಣಿತೀಯ ಪ್ರತಿರೂಪವೇ.

ಈ ವಿಚಾರದಿಂದಲೇ 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ ಸೇರಿದಂತೆ ಹಲವು ಸಂಸ್ಥೆಗಳು ‘ಸೀಪಾ’ ಎಂಬ ಯೋಜನೆಯನ್ನು ಆರಂಭಿಸಿದವು. ಅಪಾಯದ ಮಟ್ಟ ಮೊದಲೇ ತಿಳಿದಿದ್ದ 28 ಔಷಧಿಗಳನ್ನು ಆರಿಸಿ, 12ನ್ನು ಪ್ರತಿರೂಪವನ್ನು ಹದಗೊಳಿಸಲೂ ಉಳಿದ 16ನ್ನು ಅದನ್ನು ಪರೀಕ್ಷಿಸಲೂ ಬಳಸಲಾಯಿತು. ಲೆಕ್ಕಕ್ಕೆ ಆಧಾರವಾದುದು ಓಹಾರ-ರೂಡಿ ಪ್ರತಿರೂಪ. ಆಕ್ಸ್‌ಫರ್ಡ್‌ನ ಸಂಶೋಧಕರು 2017ರಲ್ಲಿ 62 ಔಷಧಿಗಳನ್ನು ಗಣಕದೊಳಗಿನ ಮಾನವ ಕೋಶಗಳ ಮೇಲೆ ಪರೀಕ್ಷಿಸಿ, ಶೇ. 89ರಷ್ಟು ಸರಿಯಾಗಿ ಅಪಾಯವನ್ನು ಊಹಿಸಿದರು. ಪ್ರಾಣಿ ಪ್ರಯೋಗಗಳಿಗಿಂತ ಇದು ಮೇಲಾದ ಫಲಿತಾಂಶವಾಗಿತ್ತು.

ಕೋಶದಿಂದ ಅಂಗಾಂಶಕ್ಕೆ: ಸುರುಳಿ ಅಲೆಗಳು

ಒಂದು ಕೋಶದ ಲೆಕ್ಕ ಸರಿಯಾದರೆ ಸಾಲದು. ಕೋಶಗಳು ಒಂದಕ್ಕೊಂದು ಸೂಕ್ಷ್ಮ ರಂಧ್ರಗಳ ಮೂಲಕ ಬೆಸೆದುಕೊಂಡಿವೆ. ಹೃತ್ಕುಕ್ಷಿಯ ಸ್ನಾಯುವಿನಲ್ಲಿ ಸಂಜ್ಞೆಯು ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ಅಲೆಯಂತೆ ಹಬ್ಬುತ್ತದೆ. ಈ ಅಲೆಯು ಗಾಯದ ಕಲೆಯಂತಹ ಅಡ್ಡಿಗೆ ತಾಗಿ ಮುರಿದರೆ, ಮುರಿದ ತುದಿಯು ತನ್ನ ಸುತ್ತಲೇ ಸುತ್ತುತ್ತ ಸುರುಳಿಯಾಗಬಹುದು. ಸುರುಳಿ ಅಲೆಯು ಹೃದಯವನ್ನು ಅತಿವೇಗದಲ್ಲಿ ಮಿಡಿಸುತ್ತದೆ. ಅದೇ ಒಡೆದು ಹಲವಾದರೆ ಹೃತ್ಕುಕ್ಷಿಯ ಕಂಪನ ಆರಂಭವಾಗುತ್ತದೆ.

ಕ್ಯಾಸ್ಟ್ ಪರೀಕ್ಷೆಯ ಒಗಟಿಗೆ ಉತ್ತರ ದೊರೆತದ್ದೂ ಈ ಮಟ್ಟದಲ್ಲಿಯೇ. 2011ರಲ್ಲಿ ಅಮೆರಿಕದ ಕೊಲೀನ್ ಕ್ಲಾನ್ಸಿ ಅವರ ಬಳಗವು ಫ್ಲೆಕೈನೈಡ್‌ನ ಪರಿಣಾಮವನ್ನು ಗಣಕದಲ್ಲಿ ಲೆಕ್ಕ ಹಾಕಿತು. ಬಿಡಿ ಕೋಶದಲ್ಲಿ ಔಷಧಿಯು ಒಳ್ಳೆಯದೆಂದೇ ಕಾಣುತ್ತಿತ್ತು. ಅಂಗಾಂಶದಲ್ಲಿ, ಅದೂ ಹೃದಯದ ಗತಿ ಹೆಚ್ಚಿದಾಗ, ಸಂಜ್ಞೆಯ ಹರಿವನ್ನು ಕುಂಠಿಸಿ ಸುತ್ತುವ ಅಲೆಗಳಿಗೆ ಎಡೆಮಾಡಿಕೊಡುತ್ತಿತ್ತು. ಎರಡು ದಶಕ ಮೊದಲೇ ಇಂತಹ ಲೆಕ್ಕ ಸಾಧ್ಯವಿದ್ದಿದ್ದರೆ ಎಂಬ ಯೋಚನೆ ಬಾರದಿರದು.

ಈ ಕ್ಷೇತ್ರಕ್ಕೆ ಬೆಂಗಳೂರಿನ ಕೊಡುಗೆಯೂ ಇದೆ. ಎದೆಯ ಮೇಲೆ ವಿದ್ಯುದಾಘಾತ ಕೊಟ್ಟು ಕಂಪನವನ್ನು ನಿಲ್ಲಿಸುವ ಡಿಫಿಬ್ರಿಲೇಟರ್ ಯಂತ್ರವು 150ರಿಂದ 360 ಜೌಲ್‌ಗಳಷ್ಟು ಶಕ್ತಿಯನ್ನು ಪ್ರಯೋಗಿಸುತ್ತದೆ. ಇದಕ್ಕಿಂತ ಸೌಮ್ಯವಾದ ಉಪಾಯವಿದೆಯೇ ಎಂಬ ಪ್ರಶ್ನೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ರಾಹುಲ್ ಪಂಡಿತ್ ಅವರು ಸಿತಾಭ್ರ ಸಿನ್ಹಾ ಹಾಗೂ ಅಶ್ವಿನ್ ಪಾಂಡೆ ಅವರೊಡನೆ ಕೈಗೆತ್ತಿಕೊಂಡರು. ಅಂಗಾಂಶದ ಮೇಲೆ ಬಲೆಯಂತೆ ಹೆಣೆದ ಗೆರೆಗಳ ಗುಂಟ ಮಾತ್ರ ದುರ್ಬಲ ಸ್ಪಂದವನ್ನು ಅಲ್ಪಕಾಲ ಕೊಟ್ಟರೆ ಸುರುಳಿಗಳು ಅಳಿಯುತ್ತವೆಂದು 2001ರಲ್ಲಿ ಗಣಿತೀಯ ಪ್ರತಿರೂಪದಲ್ಲಿ ತೋರಿಸಿದರು. ಅಂಗಾಂಶದ ನಡುವೆ ಇರುವ ಅಡ್ಡಿಯು ಎಲ್ಲಿದೆ ಎಂಬುದರ ಮೇಲೆ ಸುರುಳಿಯು ಉಳಿಯುವುದೋ ಒಡೆಯುವುದೋ ಅಳಿಯುವುದೋ ನಿರ್ಧಾರವಾಗುತ್ತದೆಂದು ಶಾಜಹಾನ್, ಸಿನ್ಹಾ ಮತ್ತು ಪಂಡಿತ್ 2007ರಲ್ಲಿ ಪ್ರಕಟಿಸಿದರು. ಸ್ವಲ್ಪ ಜಾಗ ಬದಲಾದರೂ ಫಲ ಬೇರೆಯಾಗುವುದು. ಒಬ್ಬ ರೋಗಿಗೆ ಫಲಿಸಿದ ಚಿಕಿತ್ಸೆ ಇನ್ನೊಬ್ಬರಿಗೆ ಫಲಿಸದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಲೆಕ್ಕದ ಗಾತ್ರ

ಇಡೀ ಹೃತ್ಕುಕ್ಷಿಗಳ ಲೆಕ್ಕ ಎಷ್ಟು ದೊಡ್ಡದೆಂದು ಅಂದಾಜು ಮಾಡಬಹುದು. ಸ್ನಾಯುವಿನ ಗಾತ್ರ ಸುಮಾರು 200 ಘನ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಅದನ್ನು 0.2 ಮಿಲಿಮೀಟರ್ ಬದಿಯ ಘನಗಳಾಗಿ ಕತ್ತರಿಸಿದರೆ ಎರಡೂವರೆ ಕೋಟಿ ತುಣುಕುಗಳಾಗುತ್ತವೆ. ಒಂದೊಂದರಲ್ಲಿಯೂ 40 ಚರಗಳೆಂದರೆ ಒಟ್ಟು 100 ಕೋಟಿ ಸಂಖ್ಯೆಗಳು. ಕಾಲದ ತುಣುಕು 0.02 ಮಿಲಿಸೆಕೆಂಡ್ ಆದರೆ, ಒಂದೇ ಒಂದು ಸೆಕೆಂಡಿನ ಮಿಡಿತಕ್ಕೆ ಈ 100 ಕೋಟಿ ಸಂಖ್ಯೆಗಳನ್ನು 50,000 ಬಾರಿ ಹೊಸದಾಗಿ ಲೆಕ್ಕಿಸಬೇಕು. ಇಂತಹ ಕೆಲಸಕ್ಕೆ ಮಹಾಗಣಕಗಳೇ ಬೇಕಾಗುವುದು ಆಶ್ಚರ್ಯವಲ್ಲ. ಬಿಡಿ ಕೋಶದ ಲೆಕ್ಕವಾದರೋ ಇಂದು ಮನೆಯ ಕಂಪ್ಯೂಟರಿನಲ್ಲಿಯೂ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯವು ರೂಪಿಸಿದ ‘ಸೆಲ್‌ಎಂಎಲ್’ ಭಂಡಾರದಲ್ಲಿ ಈ ಲೇಖನದಲ್ಲಿ ಹೆಸರಿಸಿದ ಬಹುತೇಕ ಪ್ರತಿರೂಪಗಳು ಯಾರು ಬೇಕಾದರೂ ಪಡೆಯಬಹುದಾದ ರೂಪದಲ್ಲಿವೆ. ನೋಬಲ್ ನಿದ್ದೆಗೆಟ್ಟು ಮಾಡಿದ ಲೆಕ್ಕವನ್ನು ಕಾಲೇಜು ವಿದ್ಯಾರ್ಥಿಯು ಒಂದು ಮಧ್ಯಾಹ್ನದಲ್ಲಿ ಮರಳಿ ಮಾಡಬಹುದು.

ರೋಗಿಗೊಂದು ಗಣಕ ಹೃದಯ

ರೋಗಿಯ ಎಂಆರ್‌ಐ ಚಿತ್ರದಿಂದ ಅವರದೇ ಹೃದಯದ ಆಕಾರವನ್ನೂ ಗಾಯದ ಕಲೆಗಳನ್ನೂ ಗುರುತಿಸಿ, ಅದರೊಳಗೆ ಕೋಶದ ಸಮೀಕರಣಗಳನ್ನು ತುಂಬಿ, ಲಯಭಂಗದ ಸಾಧ್ಯತೆಯನ್ನು ಲೆಕ್ಕ ಹಾಕುವ ಪ್ರಯತ್ನ ಇತ್ತೀಚಿನದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ನಟಾಲಿಯಾ ಟ್ರಾಯನೋವಾ ಅವರ ಬಳಗವು 2016ರಲ್ಲಿ 41 ರೋಗಿಗಳ ಹಳೆಯ ದಾಖಲೆಗಳ ಮೇಲೆ ಈ ವಿಧಾನವನ್ನು ಪರೀಕ್ಷಿಸಿತು. ಯಾರಿಗೆ ಅಪಾಯ ಹೆಚ್ಚೆಂದು ಊಹಿಸುವಲ್ಲಿ ಅದು ರೂಢಿಯ ಅಳತೆಗಳಿಗಿಂತ ಚೆನ್ನಾಗಿ ಕೆಲಸ ಮಾಡಿತು. ಎದೆಯೊಳಗೆ ಡಿಫಿಬ್ರಿಲೇಟರ್ ಅಳವಡಿಸಬೇಕೇ ಬೇಡವೇ ಎಂಬ ನಿರ್ಧಾರಕ್ಕೆ ಇಂತಹ ಲೆಕ್ಕ ನೆರವಾಗಬಹುದೆಂಬ ಆಶಯವಿದೆ. 2019ರಲ್ಲಿ ಇದೇ ಬಳಗವು ಹೃತ್ಕರ್ಣದ ಕಂಪನವಿದ್ದ 10 ರೋಗಿಗಳಲ್ಲಿ ಅಂಗಾಂಶವನ್ನು ಎಲ್ಲಿ ಸುಡಬೇಕೆಂಬುದನ್ನು ಮೊದಲು ಗಣಕದಲ್ಲಿ ಗೊತ್ತುಮಾಡಿಕೊಂಡು ಚಿಕಿತ್ಸೆ ನಡೆಸಿದ ವರದಿಯನ್ನು ಪ್ರಕಟಿಸಿತು.

ಹಾಗೆಂದು ಗಣಿತವು ವೈದ್ಯನ ಸ್ಥಾನವನ್ನು ಆಕ್ರಮಿಸಿತೆಂದು ತಿಳಿಯಬೇಕಿಲ್ಲ. ಒಂದೇ ಹೃದಯದೊಳಗೆ ಕೋಶಗಳು ಭಿನ್ನಭಿನ್ನವಾಗಿ ವರ್ತಿಸುತ್ತವೆ; ಹೆಣ್ಣು ಗಂಡಿನ ನಡುವೆ, ವಯಸ್ಸಿನಿಂದ ವಯಸ್ಸಿಗೆ ವ್ಯತ್ಯಾಸಗಳಿವೆ. ಜೀವಂತ ರೋಗಿಯ ಪ್ರತಿಯೊಂದು ನಾಲೆಯನ್ನೂ ಅಳೆಯಲಾಗದು. ಸಮೀಕರಣದಲ್ಲಿ ಬಳಸುವ ಎಷ್ಟೋ ಸಂಖ್ಯೆಗಳು ಬೇರೆ ಬೇರೆ ಪ್ರಾಣಿಗಳಿಂದ, ಬೇರೆ ಬೇರೆ ಉಷ್ಣತೆಯಲ್ಲಿ ಪಡೆದವು. ಎರಡು ಪ್ರತಿರೂಪಗಳು ಒಂದೇ ಗೆರೆಯನ್ನು ಬೇರೆ ಬೇರೆ ಕಾರಣಗಳಿಂದ ಬರೆಯಬಲ್ಲವು; 1960ರ ಪಾಠ ಈಗಲೂ ಸಲ್ಲುತ್ತದೆ. ಆದುದರಿಂದಲೇ ಗಣಕದ ಉತ್ತರವನ್ನು ಪ್ರಯೋಗಶಾಲೆಯಲ್ಲಿ, ಅನಂತರ ರೋಗಿಗಳಲ್ಲಿ ಒರೆಗೆ ಹಚ್ಚುವ ಕೆಲಸ ಮುಂದುವರಿದಿದೆ.

ಪ್ರಮುಖ ಘಟ್ಟಗಳು

1952: ಹಾಜ್ಕಿನ್ ಮತ್ತು ಹಕ್ಸ್ಲಿ ಅವರಿಂದ ನರತಂತುವಿನ ಸಮೀಕರಣಗಳು.
1960: ಹೃದಯಕೋಶದ ಮೊದಲ ಪ್ರತಿರೂಪ, ಡೆನಿಸ್ ನೋಬಲ್.
1977: ಹೃತ್ಕುಕ್ಷಿಯ ಕೋಶದ ಮೊದಲ ಪ್ರತಿರೂಪ, ಬೀಲರ್ ಮತ್ತು ರಾಯ್ಟರ್.
1985: ಗತಿಪ್ರೇರಕ ಪ್ರವಾಹವನ್ನು ಒಳಗೊಂಡ ಡಿಫ್ರಾನ್ಸೆಸ್ಕೊ-ನೋಬಲ್ ಪ್ರತಿರೂಪ.
1991: ಲುವೊ-ರೂಡಿ ಪ್ರತಿರೂಪದ ಮೊದಲ ಆವೃತ್ತಿ.
2001: ದುರ್ಬಲ ಸ್ಪಂದಗಳಿಂದ ಸುರುಳಿ ಅಲೆಗಳ ನಿವಾರಣೆ, ಬೆಂಗಳೂರಿನ ಸಂಶೋಧಕರ ಲೆಕ್ಕ.
2004: ಟೆನ್ ಟುಶರ್ ಬಳಗದ ಮಾನವ ಕೋಶದ ಪ್ರತಿರೂಪ.
2011: ಓಹಾರ-ರೂಡಿ ಮಾನವ ಕೋಶದ ಪ್ರತಿರೂಪ.
2013: ಔಷಧಿ ಸುರಕ್ಷತೆಗಾಗಿ ಸೀಪಾ ಯೋಜನೆ.

ಓದುಗರು ಈ ವಿಷಯದಿಂದ ನಿತ್ಯಜೀವನಕ್ಕೆ ತೆಗೆದುಕೊಳ್ಳಬಹುದಾದ ಮಾತೊಂದಿದೆ. ಒಂದಕ್ಕಿಂತ ಹೆಚ್ಚು ಔಷಧಿಗಳನ್ನು ಸೇವಿಸುವಾಗ, ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಮರಣ ಸಂಭವಿಸಿದ್ದಾಗ ಅಥವಾ ಇಸಿಜಿಯಲ್ಲಿ ಕ್ಯೂಟಿ ಅವಧಿ ದೀರ್ಘವಾಗಿದೆಯೆಂದು ಹಿಂದೆಂದಾದರೂ ತಿಳಿಸಿದ್ದಾಗ, ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಅಂಗಡಿಯಿಂದ ತಾವಾಗಿಯೇ ಗುಳಿಗೆ ಕೊಂಡು ನುಂಗುವ ರೂಢಿಯನ್ನು ಬಿಡಬೇಕು. ಟರ್ಫೆನಡಿನ್ ನುಂಗಿದವರಿಗೆ ಬೇಕಾಗಿದ್ದುದು ಸೀನಿನಿಂದ ಬಿಡುಗಡೆ ಮಾತ್ರವಾಗಿತ್ತು.